ಅಪ್‌ಡೇಟ್: ಅಡುಗೆಕಟ್ಟೆ ಹಿಂದಿನ ಹಳೇ ಟೈಲ್ಸ್ ಕಿತ್ತು ಬಂತು, ಗ್ರಾನೈಟ್ ಉಳೀತು

ತೀರ್ಥಹಳ್ಳಿ ಮನೆಯ ಅಡುಗೆಕಟ್ಟೆ ಗ್ರಾನೈಟ್ ಒಡೆಯದೆ ಗೋಡೆ ಟೈಲ್ಸ್ ತೆಗೆಯೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಹೀಟ್ ಗನ್ನಿನಿಂದ (ಬಿಸಿಗಾಳಿ ಊದುವ ಯಂತ್ರ) ಬಿಸಿ ಮಾಡಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅದು ಅಂಟಿಗೆ ಸರಿ, ಸಿಮೆಂಟ್ ಗಾರೆಗಲ್ಲ. ಕೈ ಹಿಡಿದದ್ದು ಆಂಗಲ್ ಗ್ರೈಂಡರ್ (ಟೈಲ್ಸ್, ಕಲ್ಲು ಕೊಯ್ಯುವ ಕೈಯಂತ್ರ) ಸಲಹೆ. 4 ಇಂಚಿನ ಡೈಮಂಡ್ ಬ್ಲೇಡಿನಲ್ಲಿ ಮೊದಲು ಕಟ್ಟೆಗೆ ತಾಗಿದ ಸಂದು ಕೊಯ್ಯಬೇಕು. ಆ ಸಂದು ಬಿಡಿಸದಿದ್ದರೆ ಉಳಿಪೆಟ್ಟು ನೇರ ಗ್ರಾನೈಟಿಗೆ ಇಳಿದು, ಸಿಂಕಿನ ಮೂಲೆಯಲ್ಲೇ ಬಿರುಕು ಬಿಡುತ್ತೆ. ಆಮೇಲೆ ಮೇಲಿನ ಸಾಲಿನಿಂದ ಚಪ್ಪಟೆ ಉಳಿ ಓರೆ ಹಿಡಿದು ಎಬ್ಬಿಸೋದು. ಕಟ್ಟೆ ಮೇಲೆ ಗೋಣಿಚೀಲ, ಅದರ ಮೇಲೆ 12 ಎಂಎಂ ಪ್ಲೈವುಡ್. ಕನ್ನಡಕ, ಮಾಸ್ಕ್ ಖಂಡಿತ ಬೇಕು.

ಗೊತ್ತೇ ಇಲ್ಲದಿದ್ದ ವಿಷಯ: ಹಿಂದಿನ ಜಂಬಿಟ್ಟಿಗೆ ಗೋಡೆ ಒದ್ದೆ! ಹೊರಗಾರೆ ಬಿರುಕಿನಿಂದ ಮಳೆನೀರು ಹೀರಿತ್ತು. ಮೊದಲು ಅದರ ರಿಪೇರಿ. ಗೋಡೆ ಪೂರ್ತಿ ಒಣಗಿದ ಮೇಲೇ ಹೊಸ ಟೈಲ್ಸ್.