ಮಾವನ ವಿಡಿಯೊ ಲೈಬ್ರರಿಯ ಹಳೇ ಕವರುಗಳು: ಕೆಳಗಿನ ಪದರ ಬಿಡಿಸಬಹುದೇ?

ಡೊಂಬಿವಲಿ ಪೂರ್ವ ಕೇಳಿದ್ದು:

ನಮ್ಮ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೋಗಿದೆ, ದೀಪಾವಳಿಯೊಳಗೆ ಮನೆ ಖಾಲಿ ಮಾಡಬೇಕು. ಕಳೆದ ರವಿವಾರ ಅಮ್ಮನ ಅಡುಗೆಮನೆಯ ಮಾಳಾ (ಅಟ್ಟ) ಹತ್ತಿ ಹಿತ್ತಾಳೆ ಹಂಡೆ, ಯಾರ್ಯಾರನ್ನೋ ಮಲಗಿಸಿದ ತೊಟ್ಟಿಲು, ಅದರ ಹಿಂದಿನಿಂದ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿದೆ. ಒಳಗೆಲ್ಲ ವಿಡಿಯೊ ಕ್ಯಾಸೆಟ್, ಎಣಿಸಿದರೆ 143. ‘ಭಂಗಾರ್‌ವಾಲನಿಗೆ ಹಾಕು’ ಅಂದರು ಅಮ್ಮ. (ಮುಂಬಯಿಯ ಭಂಗಾರ್ ಅಂದರೆ ಗುಜರಿ, ನಮ್ಮ ಬಂಗಾರ ಅಲ್ಲ ಮಗಾ, ಎಂದು ಊರಿಂದ ಬಂದವರಿಗೆಲ್ಲ ಮಾವ ಹೇಳುತ್ತಿದ್ದ ಜೋಕು ನೆನಪಾಯಿತು.)

ಕ್ಯಾಸೆಟ್ಟುಗಳು ಆ ಮಾವನವೇ, ಅಮ್ಮನ ತಮ್ಮ. 1982ರ ಏಷ್ಯಾಡ್ ಮುಗಿದು ಮನೆಮನೆಗೆ ಕಲರ್ ಟಿವಿ ಬರತೊಡಗಿದಾಗ ಒಂದು ಕಟ್ಟಡದ ಜೀನಾದ (ಮೆಟ್ಟಿಲಿನ) ಕೆಳಗೆ ವಿಡಿಯೊ ಲೈಬ್ರರಿ ಇಟ್ಟರು. ಅದಕ್ಕೆ ಮೊದಲು ಅಲ್ಲೇ ಕಾದಂಬರಿ, ವಾರಪತ್ರಿಕೆ ಬಾಡಿಗೆಗೆ ಕೊಡುತ್ತಿದ್ದರು. ಮುಂಬಯಿಯ ದೊಡ್ಡ ವಿಡಿಯೊ ಕಂಪನಿ ಶೆಮಾರೂ ಕೂಡ 1962ರಲ್ಲಿ ಪುಸ್ತಕದ ಲೈಬ್ರರಿಯಾಗಿ ಶುರುವಾಗಿ 1979ರಲ್ಲಿ ವಿಡಿಯೊ ಬಾಡಿಗೆಗೆ ಇಳಿದದ್ದು. ‘ಅವರೂ ನಾನೂ ಒಂದೇ ಲೈನು’ ಅನ್ನುತ್ತಿದ್ದರು ಮಾವ, ಶಟರಿನಡಿ ಬಗ್ಗಿ ಒಳಗೆ ಬರುತ್ತಾ.

ನನಗಾಗ ಎಂಟೊಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ, ಅಮ್ಮ ಆಫೀಸಿನಿಂದ ಲೋಕಲ್ ಹಿಡಿದು ಬರುವವರೆಗೆ ಅಂಗಡಿಯಲ್ಲೇ ಕೂರುವುದು. ಮನೆಯಲ್ಲಿ ಕ್ಯಾಸೆಟ್ ಓಡಿಸುವ ವಿಸಿಆರ್ ಇರಲಿಲ್ಲ. ಅಂಗಡಿಯ ಒಂದೇ ವಿಸಿಆರ್ ಸದಾ ಯಾರದೋ ಮನೆಗೆ ಬಾಡಿಗೆಗೆ ಹೋಗಿರುತ್ತಿತ್ತು. ಹಾಗಾಗಿ ನಾನು ನೋಡಿದ್ದು ಕವರು ಮಾತ್ರ. ಇಂಗ್ಲಿಷ್ ಭೂತದ ಸಿನಿಮಾದ್ದೊಂದು ಕವರನ್ನು ಕಂಡರೆ ಎಷ್ಟು ಹೆದರಿಕೆಯೆಂದರೆ, ಮೊದಲು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಆಮೇಲೆ ಹೋಮ್‌ವರ್ಕಿಗೆ ಕೂರುತ್ತಿದ್ದೆ.

ಹಿಂದಿಯವಕ್ಕೆ ಕಂಪನಿಯ ಕವರು ಇರುತ್ತಿತ್ತು. ಕನ್ನಡದ ಕ್ಯಾಸೆಟ್ಟಿಗೆ ಏನೂ ಇಲ್ಲ. ಮಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದವು. ಕಪ್ಪು ಡಬ್ಬಿ, ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು. ಮುಖ ಇಲ್ಲದ್ದನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ? ಮಾವ ಒಬ್ಬ ಹುಡುಗನನ್ನು ಹಿಡಿದರು. ಕಾರ್ಕಳ ಕಡೆಯವನು, ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಬೋರ್ಡು ಬರೆಯುವುದು ಕಲಿಯುತ್ತಿದ್ದ. ಪೇಂಟರಣ್ಣ ಅನ್ನುತ್ತಿದ್ದೆವು. ಕವರಿಗೆ ಐದು ರೂಪಾಯಿ, ಒಂದು ಚಾ.

ಈಗ ನನ್ನ ಮುಂದಿರುವುದು 61ನೇ ನಂಬರು. ನಡುವೆ ಹೀರೊನ ಮುಖ, ‘ರೂಪತಾರಾ’ ಸಿನಿಮಾ ಪತ್ರಿಕೆಯಿಂದ ಕತ್ತರಿಸಿದ್ದು. ಕೂದಲಿನ ಅಂಚಿನಲ್ಲಿ ಬ್ಲೇಡು ಜಾರಿ ಕಿವಿಯ ತುದಿ ಹೋಗಿದೆ. ಅಷ್ಟು ಕಿವಿಯನ್ನು ಪೋಸ್ಟರ್ ಕಲರಿನಲ್ಲಿ ಬರೆದು ಸೇರಿಸಿದ್ದಾನೆ. ಮುಖ ಕಪ್ಪು-ಬಿಳುಪು, ಕಿವಿ ಕಿತ್ತಳೆ. ಹಿಂದೆ ಬೆಂಕಿ. ಕಥೆಯಲ್ಲಿ ಬೆಂಕಿ ಇತ್ತೋ ಇಲ್ಲವೋ, ಅವನೂ ಸಿನಿಮಾ ನೋಡಿರಲಿಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ಕಾಣುವುದು ಎರಡೂವರೆ ಸೆಂಟಿಮೀಟರಿನ ಬೆನ್ನು ಮಾತ್ರ ತಾನೆ? ಅದರಲ್ಲಿ ನಟನ ಹೆಸರನ್ನು ಮೇಲಿಂದ ಕೆಳಕ್ಕೆ ಒಂದೊಂದೇ ಅಕ್ಷರ ಇಳಿಸಿದ್ದಾನೆ: ‘ರಾ’, ಅದರ ಕೆಳಗೆ ‘ಜ್ಕು’, ‘ಮಾ’, ‘ರ್’. ಜಕಾರದ ಕೆಳಗೆ ಕ ಒತ್ತು ಕೊಟ್ಟು ಒಂದು ಸಾಲು ಉಳಿಸಿದ್ದಾನೆ ನೋಡಿ! ಆ ಉಳಿದ ಜಾಗದಲ್ಲಿ ಒಂದು ಸಣ್ಣ ನಕ್ಷತ್ರ.

ಈಗ ಪ್ರಶ್ನೆ. ಓಡದ ಸಿನಿಮಾವನ್ನು ಅಳಿಸಿ ಅದೇ ಟೇಪಿಗೆ ಮಾವ ಬೇರೆ ತುಂಬಿಸುತ್ತಿದ್ದರು. (ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಹಲ್ಲು ಮುರಿದಿದ್ದರೂ ಆ ತೂತಿಗೆ ಸೆಲ್ಲೋಟೇಪ್ ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ.) ಕವರನ್ನೂ ಎಸೆಯುವವರಲ್ಲ, ಅದರ ಮೇಲೇ ಮೈದಾ ಅಂಟು ಬಳಿದು ಹೊಸದು. 61ರ ಒಂದು ಮೂಲೆ ಎದ್ದಿದೆ. ಕೆಳಗೆ ಇನ್ನೊಂದು ಕವರು, ಅದರ ಕೆಳಗೂ ಏನೋ ಹಸಿರು. ನೀರಿನಲ್ಲಿ ನೆನೆಸಿ ಬಿಡಿಸಬಹುದೇ? ಟೇಪುಗಳಲ್ಲಿ ಬೂಷ್ಟು ಹಿಡಿದಿದೆ, ಅವನ್ನು ಎಸೆದು ಕವರು ಮಾತ್ರ ಇಟ್ಟುಕೊಳ್ಳಲೇ?

ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಇಪ್ಪತ್ತು ಕವರು ತೆಗೆದುಕೊಂಡು ಹೋಗಿದ್ದೆ. ಇಂಗ್ಲಿಷಿನವಕ್ಕೆ ನೂರು ನೂರು ಕೊಡುತ್ತೇನೆ ಎಂದ ಹಳೇ ಸಾಮಾನಿನ ಅಂಗಡಿಯವ. ಕನ್ನಡದ್ದನ್ನು ತಿರುಗಿಸಿ ನೋಡಿ ‘ಯೇ ತೊ ಘರ್ ಕಾ ಬನಾಯಾ ಹೈ’ ಅಂತ ಬದಿಗೆ ಸರಿಸಿದ. ಯಾಕೋ ಸಿಟ್ಟು ಬಂತು, ಒಂದನ್ನೂ ಕೊಡದೆ ಬಂದೆ. ನನಗೆ ಚಂದ ಕಾಣುವುದು ಅವೇ. ಇದು ಬರೀ ಬಾಲ್ಯದ ಹುಚ್ಚೋ, ನಿಜಕ್ಕೂ ಅವುಗಳಲ್ಲಿ ಏನಾದರೂ ಇದೆಯೋ ಹೇಳಿ.

ಪ್ರಭಾದೇವಿ ಪ್ರೆಸ್:

ಮೇಡಂ, ದಯವಿಟ್ಟು ನೀರಿಗೆ ಹಾಕಬೇಡಿ! ಪೋಸ್ಟರ್ ಕಲರ್ ನೀರಿನಲ್ಲೇ ಕಲಸಿದ್ದು, ನೀರಿನಲ್ಲೇ ಹೋಗುತ್ತದೆ. ಮೈದಾ ಅಂಟು ಬಿಡುವ ಮೊದಲೇ ಆ ಕಿತ್ತಳೆ ಕಿವಿ ಬಕೆಟ್ಟಿನಲ್ಲಿರುತ್ತದೆ.

ನಾನು ಮೂವತ್ತು ವರ್ಷ ಆಫ್‌ಸೆಟ್ ಮೆಷಿನ್ ಓಡಿಸಿದವನು. ಕೆಳಗಿನ ಪದರ ನೋಡಬೇಕೆಂದರೆ ಒಂದು ಉಪಾಯ: ಕವರನ್ನು ಡಬ್ಬಿಯಿಂದ ಹೊರಗೆ ತೆಗೆದು, ರಾತ್ರಿ ದೀಪ ಆರಿಸಿ, ಕಿಟಕಿಯ ಗಾಜಿಗೆ ಆನಿಸಿ ಹಿಂದಿನಿಂದ ಟಾರ್ಚ್ ಬಿಡಿ. ಬಣ್ಣ ದಪ್ಪ ಬಳಿದ ಕಡೆ ಏನೂ ಕಾಣದು, ಪತ್ರಿಕೆಯ ಕಾಗದ ಇದ್ದ ಕಡೆ ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ಕಾಂಟ್ರಾಸ್ಟ್ ಏರಿಸಿ.

ಅಚ್ಚಾದ ಕವರುಗಳಲ್ಲಿ ಕೆಲವು ನೀಲಿ ನೀಲಿ ಆಗಿರಬೇಕಲ್ಲ? ಅಂಗಡಿಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟವು ಅವು. ನಾಲ್ಕು ಬಣ್ಣದ ಅಚ್ಚಿನಲ್ಲಿ ಹಳದಿ ಮತ್ತು ಮೆಜೆಂಟಾ (ಗುಲಾಬಿ ಕೆಂಪು) ಮೊದಲು ಹಾರುತ್ತವೆ, ಸಯಾನ್ ಎಂಬ ನೀಲಿ ಮತ್ತು ಕಪ್ಪು ಉಳಿಯುತ್ತವೆ. ಮುಖವೆಲ್ಲ ಹೆಣದ ಬಣ್ಣ. ಪ್ಲೇಟು ಒಂದು ಕೂದಲೆಳೆ ಸರಿದಿದ್ದರೂ ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುತ್ತದೆ. ಅದನ್ನು ನಾವು ರಿಜಿಸ್ಟರ್ ತಪ್ಪಿದೆ ಅಂತ ರದ್ದಿಗೆ ಹಾಕುತ್ತಿದ್ದೆವು, ಈಗ ಅದಕ್ಕೇ ಜನ ಮರುಳಾಗುತ್ತಾರೆ. ಏನು ಹೇಳೋಣ.

600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಶನ್ ಬೇಡ, ಒಮ್ಮೆ ಮಾಡಿದರೆ ಬಿಡಿಸಲಿಕ್ಕಾಗದು. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಸ್ಟೇಶನರಿ ಅಂಗಡಿಯ ಮೆತ್ತನೆ ಪಿವಿಸಿ ಕವರಿನಲ್ಲಿ ಇಟ್ಟರೆ ಶಾಯಿ ಅದಕ್ಕೇ ಅಂಟಿ ಬರುತ್ತದೆ; ಪಾಲಿಯೆಸ್ಟರ್ ಹಾಳೆ ಕೇಳಿ, ಗರಿಗರಿ ಇರುತ್ತದೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದ ಡೊಂಬಿವಲಿಯಲ್ಲಿ ಕಾಗದಕ್ಕೂ ನೆಗಡಿ ಬರುತ್ತದೆ.

ಟೇಪು ಎಸೆಯುವ ಮುಂಚೆ ಮದುವೆ, ನಾಮಕರಣ ಏನಾದರೂ ಇದೆಯೇ ಅಂತ ಲೇಬಲ್ ನೋಡಿ. ಬೂಷ್ಟು ಹಿಡಿದದ್ದನ್ನು ಹಾಗೇ ಓಡಿಸಿದರೆ ವಿಸಿಆರಿನ ಹೆಡ್ಡೂ ಹೋಗುತ್ತದೆ. ಹೊಸ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ ಕೂಡ 2016ರಲ್ಲಿ ನಿಲ್ಲಿಸಿತು.

ಫೋರ್ಟಿನ ಹಳಬ:

ತಂಗೀ, ಟೇಪಿಗೆ ಟೇಪು ತುಂಬಿಸುತ್ತಿದ್ದ ಕಥೆ ಇಷ್ಟು ಧೈರ್ಯದಿಂದ ಬರೆದಿದ್ದೀರಿ, ಮಾವ ಇದ್ದಿದ್ದರೆ ನಿಮ್ಮ ಕಿವಿ ಹಿಂಡುತ್ತಿದ್ದರು ಮಾರಾಯ್ರೆ!

1984ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಬಂತು, 52ಎ ಅಂತ ಒಂದು ಸೆಕ್ಷನ್ ಸೇರಿತು. ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ, ವಿಡಿಯೊ ಮಾಡಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಅವರ ಒಪ್ಪಿಗೆ ಇದೆ ಎಂಬ ಮಾತು, ಎಲ್ಲ ಕ್ಯಾಸೆಟ್ಟಿನ ಡಬ್ಬಿಯ ಮೇಲೇ ಇರಬೇಕು ಅಂತ. ನಿಮ್ಮ ಹಿಂದಿ ಕವರುಗಳ ಹಿಂಭಾಗ ನೋಡಿ, ಇರುವೆ ಸಾಲಿನ ಹಾಗೆ ಅಕ್ಷರ ತುಂಬಿರುತ್ತದೆ. ಪೇಂಟರನ ಕವರಿನ ಹಿಂದೆ ಏನಿದೆ? ನಕ್ಷತ್ರ ಇದ್ದೀತು.

ನಾನು ಫೋರ್ಟಿನ ಹೋಟೆಲಿನಲ್ಲಿ ಕೆಲಸಕ್ಕಿದ್ದವ, ರಾತ್ರಿಶಾಲೆಯಲ್ಲಿ ಓದಿದವ. ಗಣೇಶ ಚೌತಿಗೆ ನಾವು ಹನ್ನೆರಡು ಜನ ಕಾಸು ಒಟ್ಟು ಮಾಡಿ ಟಿವಿ, ವಿಸಿಆರ್, ಮೂರು ಕ್ಯಾಸೆಟ್ ಒಂದು ರಾತ್ರಿಗೆ ತರುವುದು. ಸೇಠ್ ಮಲಗಿದ ಮೇಲೆ ಗೋದಾಮಿನಲ್ಲಿ ಅಕ್ಕಿ ಮೂಟೆಯ ಮೇಲೆ ಟಿವಿ. ಬೆಳಗ್ಗೆ ಐದಕ್ಕೆ ಇಡ್ಲಿ ಇಳಿಸಬೇಕು, ಹಾಗಾಗಿ ಹಾಡೆಲ್ಲ ಓಡಿಸುವುದು. ಒಮ್ಮೆ ಕವರಿನಲ್ಲಿ ಕುದುರೆ, ಕೋಟೆ, ಕತ್ತಿ. ಹಾಕಿದರೆ ಯಾರದೋ ಗುಜರಾತಿ ಮದುವೆ! ವಾಪಸು ಕೊಡಲು ಹೋಗುವ ಹೊತ್ತೂ ಅಲ್ಲ. ಎಂತ ಮಾಡುವುದು, ಅರ್ಧ ಗಂಟೆ ಮದುವೆಯೇ ನೋಡಿದೆವು. ಊಟದ ಪಂಕ್ತಿ ಬಂದಾಗ ನಮ್ಮ ಭಟ್ಟರು ‘ಬಡಿಸುವ ಕ್ರಮ ಸರಿ ಇಲ್ಲ’ ಅಂದರು.

ಸಿನಿಮಾದ ಹೆಸರುಗಳೆಲ್ಲ ಮರೆತಿವೆ. ಆ ಕೋಟೆಯ ಕವರು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಲಬುರ್ಗಿಯಿಂದ ಪುಣೆಗೆ:

ಅಕ್ಕಾರ, ನಾ ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ಹಳೇದಂದ್ರ ಎಲ್ಲಾ ಛಲೋ ಅನ್ನೂದು ನನಗ ಒಪ್ಪಂಗಿಲ್ಲ. ಆ ಕವರಿನ್ಯಾಗ ಅರ್ಧಕ್ಕರ್ಧ ತೊಯ್ದ ಸೀರಿ ಹೆಣ್ಣು, ಬಂದೂಕು ಹಿಡದ ಗಂಡು. ತಂಗಿ ಕರ್ಕೊಂಡು ಕ್ಯಾಸೆಟ್ ತರಾಕ ಹೋದ್ರ ಎಲ್ಲಿ ನೋಡ್ಬೇಕಂತ ತಿಳೀತಿರಲಿಲ್ಲ. ಮಟನ್ ಸ್ಟ್ರೀಟ್‌ನಾಗ ರೊಕ್ಕ ಬರೋದು ಆ ಇಂಗ್ಲಿಷ್ ಭೂತಕ್ಕ ಯಾಕಂದ್ರ ಅದಕ್ಕೊಂದು ಕಥಿ ಅದ. ಬ್ರಿಟನ್ನಿನಾಗ ವಿಡಿಯೊ ಬಂದ ಹೊಸದಾಗಿ ಥೇಟರಿಗಿದ್ದ ಸೆನ್ಸಾರ್ ವಿಡಿಯೊಕ್ಕ ಇರಲಿಲ್ಲ. ಹೆಸರಿಲ್ಲದ ಸಣ್ಣ ಸಣ್ಣ ಕಂಪನಿ ಅಗ್ಗದ ಸಿನಿಮಾ ತಂದು, ರಕ್ತಾ ಸುರಿಯೋ ಕವರ್ ಹಾಕಿ ಮಾರಿದ್ವು. ಆ ಕವರು, ಜಾಹೀರಾತು ನೋಡೇ ಪತ್ರಿಕಿಯವರು ಗದ್ದಲ ಎಬ್ಬಿಸಿದ್ರು, 1984ರಾಗ ಕಾಯ್ದೆನೂ ಬಂತು. ಸಿನಿಮಾದಾಗ ಇರದ ದಮ್ಮು ಕವರಿನ್ಯಾಗ ತುಂಬಿ ಮಾರೋ ಧಂದೆ ಅದು, ಅಷ್ಟ.

ಆದ್ರ ನಿಮ್ಮ ಪೇಂಟರಣ್ಣಂದು ಬ್ಯಾರೆ ನೋಡ್ರಿ. ನಮ್ಮೂರಾಗ 1916ರಾಗ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ‘ಫಿಲ್ಮ್‌ಇಂಡಿಯಾ’ ಪತ್ರಿಕಿ ಮುಖಪುಟ, ಸಿನಿಮಾ ಪ್ರಚಾರದ ಚಿತ್ರ ಬರದ್ರು, ಆಮ್ಯಾಲ ಕ್ಯಾಲೆಂಡರಿನ ದೇವ್ರು. ನಮ್ಮಜ್ಜಿ ಕೈಮುಗೀತಿದ್ದ ಕ್ಯಾಲೆಂಡರು ಅವರದ. ಎಂ.ಎಫ್. ಹುಸೇನರೂ ಮುಂಬೈದಾಗ ಸಿನಿಮಾ ಹೋರ್ಡಿಂಗ್ ಬರದೇ ಹೊಟ್ಟಿ ಹೊರಕೊಂಡವರು. ದೊಡ್ಡೋರ ಹೆಸರು ಹೇಳಿ ಪೇಂಟರಣ್ಣನ್ನ ಮ್ಯಾಲೆ ಕೂಡಸ್ತಿಲ್ಲ ನಾನು. ಕಿತ್ತಳಿ ಕಿವಿ ಕಿತ್ತಳಿ ಕಿವೀನೇ. ಆದ್ರ ಆ ‘ಜ್ಕು’ ಅದ ನೋಡ್ರಿ, ಅದನ್ನ ಯಾವ ಆರ್ಟ್ ಸ್ಕೂಲೂ ಕಲಿಸೂದಿಲ್ರಿ. ನಾನು ದಿನಾ ಕಂಪ್ಯೂಟರಿನ್ಯಾಗ ಕನ್ನಡ ಅಕ್ಷರ ಕೂಡಸೋ ಕೆಲಸದಾಂವ. ಒತ್ತು ಕೆಳಗಿನ ಸಾಲಿಗೆ ಬಡೀತದಂತ ಕ್ಲೈಂಟ್ ಜೋಡಿ ವಾರಗಟ್ಟಲೆ ಜಗಳಾಡ್ತೀನಿ. ಅಂವ ಐದು ರೂಪಾಯಿದಾಗ ಮುಗಿಸ್ಯಾನ. ಸ್ಕ್ಯಾನ್ ಮಾಡಿದ್ರ ಬೆನ್ನಿನ ಪಟ್ಟಿ ಎಲ್ಲಾ ನನಗ ಕಳಸ್ರಿ.

ಡೊಂಬಿವಲಿ ಪೂರ್ವ:

ಎಲ್ಲರಿಗೂ ಥ್ಯಾಂಕ್ಸ್. ಬಕೆಟ್ಟಿಗೆ ನೀರು ತುಂಬಿಸಿ ಇಟ್ಟಿದ್ದೆ, ಅದರಲ್ಲಿ ಬಟ್ಟೆ ನೆನೆಹಾಕಿದೆ.

ತೊಯ್ದ ಸೀರೆಯ ಮಾತು ನಿಜ. ಅಂಥವನ್ನು ಮಾವ ಮೇಲಿನ ಖಾನೆಯಲ್ಲಿ ಇಡುತ್ತಿದ್ದರು, ಅವು ಎಣ್ಣೆ ಮುಟ್ಟಿದಷ್ಟು ಜಿಡ್ಡಾಗಿವೆ. ಎಷ್ಟು ಕೈ ದಾಟಿವೆಯೋ. ಲೇಬಲ್ ನೋಡುತ್ತಾ ಹೋದೆ, ಮದುವೆ ಯಾವುದೂ ಇಲ್ಲ, ‘ತುಳಸಿ ಪೂಜೆ, ಘಾಟ್ಕೋಪರ್’ ಅಂತ ಒಂದಿದೆ. ಯಾರದೆಂದು ಅಮ್ಮನಿಗೂ ಗೊತ್ತಿಲ್ಲ. ಅದನ್ನು ಇಟ್ಟುಕೊಂಡಿದ್ದೇನೆ. ಪಾಲಿಯೆಸ್ಟರ್ ಹಾಳೆ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಿಕ್ಕಿತು. ಕಲಬುರ್ಗಿಯವರೇ, ಬೆನ್ನಿನ ಪಟ್ಟಿ ಕನ್ನಡದವು ಒಟ್ಟು 38, ಕಳಿಸುತ್ತೇನೆ. ವಿಷ್ಣುವರ್ಧನ್ ಹೆಸರಿನಲ್ಲಿ ಅವನು ಮಾಡಿದ ಕಸರತ್ತು ನೋಡಿ, ನಿಮ್ಮ ಕ್ಲೈಂಟಿಗೂ ತೋರಿಸಿ.

ಟಾರ್ಚ್ ಬಿಟ್ಟು ನೋಡಿದೆ. ಬೆಂಕಿ ಬರೆದ ಕಡೆ ಗಾಢ ಕತ್ತಲು. ಹೀರೊನ ಮುಖದ ಮೂಲಕ ನಡುವಿನ ಪದರದ ಹಿಂದಿ ಅಕ್ಷರ ಸ್ವಲ್ಪ ಕಂಡಿತು, ಹೆಸರು ಓದಲಾಗಲಿಲ್ಲ. ಅದರ ಹಿಂದೆ, ಹಣೆಯ ಹತ್ತಿರ, ಐದು ಬೆರಳು. ಉದ್ದ ಉಗುರು. ಹಸಿರು ಕೈ. ನಾನು ಗೋಡೆಗೆ ತಿರುಗಿಸಿಡುತ್ತಿದ್ದೆನಲ್ಲ, ಅದೇ! ಈ ವಯಸ್ಸಿನಲ್ಲೂ ಟಾರ್ಚ್ ಆರಿಸಿಬಿಟ್ಟೆ.

ಅಮ್ಮನನ್ನು ಕರೆದು ತೋರಿಸಿದೆ. ‘ಓ ಇದಾ, ಇದು ಎರಡು ವರ್ಷದಲ್ಲಿ ಒಂದು ಸಲವೂ ಬಾಡಿಗೆಗೆ ಹೋಗಲಿಲ್ಲ ಅಂತ ನಿನ್ನ ಮಾವ ತಂದವನಿಗೆ ಬೈಯುತ್ತಿದ್ದರು, ಆಮೇಲೆ ಅಳಿಸಿ ಹಿಂದಿ ತುಂಬಿಸಿದ್ದು’ ಅಂದರು. ಹೋಗುವುದು ಹೇಗೆ, ಎರಡು ವರ್ಷ ಅದು ಗೋಡೆ ನೋಡಿಕೊಂಡು ಕೂತಿತ್ತಲ್ಲ. ನಾನು ಬಾಯಿ ಬಿಡಲಿಲ್ಲ.