ಫೀನಿಕ್ಸ್‌ಗೆ ಹೊರಟಿದ್ದೇವೆ, ವ್ಯಾಲಿ ಫೀವರ್ ಬಂದವರು ಇದ್ದೀರಾ?

ಕೇಳಿದವರು:
ಬರುವ ತಿಂಗಳು ನಾವು ಅರಿಜೋನಾದ ಫೀನಿಕ್ಸ್‌ಗೆ ಮನೆ ಬದಲಾಯಿಸುತ್ತಿದ್ದೇವೆ. ಯಜಮಾನರಿಗೆ ಕಟ್ಟಡದ ಸೈಟ್‌ನಲ್ಲಿ ಕೆಲಸ, ದಿನವಿಡೀ ಹೊರಗೇ. ನನಗೀಗ ನಾಲ್ಕು ತಿಂಗಳು. ಮನೆಯಲ್ಲಿ ನಾಯಿಯೂ ಇದೆ. ಅಲ್ಲಿನ ಮಣ್ಣಿನ ಫಂಗಸ್‌ನಿಂದ ವ್ಯಾಲಿ ಫೀವರ್ ಬರುತ್ತದೆ ಅಂತ ಕೇಳಿದಾಗಿನಿಂದ ನಿದ್ದೆ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಟೂಸಾನ್‌ನಿಂದ:
ನನಗೇ ಬಂದಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಧೈರ್ಯದ ಮಾತು. ಈ ಫಂಗಸ್ ಉಸಿರಿನ ಜೊತೆ ಒಳಗೆ ಹೋದ 100 ಜನರಲ್ಲಿ ಸುಮಾರು 60 ಜನರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಉಳಿದವರಲ್ಲೂ ಹೆಚ್ಚಿನವರು ತಾನಾಗೇ ಗುಣವಾಗುತ್ತಾರೆ.

ನನಗೆ ಶುರುವಾಗಿದ್ದು ಕೆಮ್ಮು, ಜ್ವರದಿಂದ. ತೋರಿಸಿದೆ. ನ್ಯುಮೋನಿಯಾ ಅಂದರು, ಆಂಟಿಬಯೋಟಿಕ್ ಕೊಟ್ಟರು. ಇಳಿಯಲಿಲ್ಲ. ಇನ್ನೊಂದು ಆಂಟಿಬಯೋಟಿಕ್ ಕೊಟ್ಟರು. ಅಷ್ಟರಲ್ಲಿ ರಾತ್ರಿ ಬೆವರಿ ದಿಂಬು ತೊಯ್ದುಹೋಗುತ್ತಿತ್ತು. ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ಕೆಂಪು ಗಂಟುಗಳೆದ್ದವು. ಪ್ಯಾಂಟ್ ತಾಗಿದರೂ ನೋವು. ಎಲ್ಲಕ್ಕಿಂತ ಸುಸ್ತು. ಒಗೆದ ಬಟ್ಟೆ ಮಡಿಸಲು ಕೂತರೆ ನಾಲ್ಕನೇ ಅಂಗಿಗೆ ಕೈ ಸೋಲುತ್ತಿತ್ತು. ಆ ಬಟ್ಟೆ ರಾಶಿಯ ಪಕ್ಕದಲ್ಲೇ ಮಲಗಿಬಿಡುತ್ತಿದ್ದೆ.

ಆಫೀಸಿನಲ್ಲಿ ಇಲ್ಲೇ ಹುಟ್ಟಿ ಬೆಳೆದವರೊಬ್ಬರು, "ವ್ಯಾಲಿ ಫೀವರ್ ಟೆಸ್ಟ್ ಮಾಡಿಸಿದ್ಯಾ?" ಅಂತ ಕೇಳಿದರು. ನಾನೇ ಹೋಗಿ ಕೇಳಿ ರಕ್ತ ಕೊಟ್ಟೆ. ನೆಗೆಟಿವ್ ಬಂತು! ದೇಹದಲ್ಲಿ ಪ್ರತಿಕಾಯ ಮೂಡಲು ಸಮಯ ಬೇಕು, ಮತ್ತೆ ಮಾಡೋಣ ಅಂದರು ಡಾಕ್ಟರ್. ಎರಡು ವಾರದ ಮೇಲೆ ಪಾಸಿಟಿವ್. ಇದು ಫಂಗಸ್, ಆಂಟಿಬಯೋಟಿಕ್‌ಗೆ ಬಗ್ಗುವುದಲ್ಲ. ಐದು ವಾರ ಸುಮ್ನೆ ಹೋಯಿತು. ಅದಕ್ಕೇ ಹೇಳುವುದು, ಕೆಮ್ಮು ಜ್ವರ ವಾರ ದಾಟಿದರೆ ನೀವೇ ಬಾಯಿಬಿಟ್ಟು ಈ ಟೆಸ್ಟ್ ಕೇಳಿ. ಒಂದು ಸಲ ನೆಗೆಟಿವ್ ಬಂತು ಅಂತ ಬಿಡಬೇಡಿ.

ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ನನಗೆ ತೂಕ ಇಳಿದಿತ್ತು, ಫ್ಲುಕೊನಾಜೋಲ್ ಅನ್ನುವ ಫಂಗಸ್ ಮಾತ್ರೆ ಕೊಟ್ಟರು. ತುಟಿ ಒಡೆಯಿತು, ಕೂದಲು ಉದುರಿತು. ಮಾತ್ರೆ ನಿಂತ ಮೇಲೆ ಕೂದಲು ಮತ್ತೆ ಬಂತು. ಸುಸ್ತು ಹೋಗಲು ಮಾತ್ರ ತಿಂಗಳುಗಟ್ಟಲೆ ಹಿಡಿಯಿತು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಹಾಗಾಗಿ ಮನೆಯವರಿಗೆ ಆ ಭಯ ಇರಲಿಲ್ಲ.

ಬೇಕರ್ಸ್‌ಫೀಲ್ಡ್‌ನಿಂದ:
ಈ ಕಾಯಿಲೆಗೆ ಹೆಸರು ಬಂದಿದ್ದೇ ಕ್ಯಾಲಿಫೋರ್ನಿಯಾದ ನಮ್ಮ ಸ್ಯಾನ್ ವಾಕೀನ್ ಕಣಿವೆಯಿಂದ. ಮಳೆ ಬಿದ್ದಾಗ ಫಂಗಸ್ ಮಣ್ಣಿನಲ್ಲಿ ಎಳೆಎಳೆಯಾಗಿ ಬೆಳೆಯುತ್ತದೆ. ಒಣಗಿದಾಗ ತುಂಡಾಗುತ್ತದೆ. ಒಂದೊಂದು ತುಂಡು 2ರಿಂದ 5 ಮೈಕ್ರಾನ್, ಕಣ್ಣಿಗೆ ಕಾಣುವ ಮಾತೇ ಇಲ್ಲ. 1977ರ ಡಿಸೆಂಬರ್‌ನಲ್ಲಿ ಎದ್ದ ಬಿರುಗಾಳಿ ಇಲ್ಲಿನ ಧೂಳನ್ನು ಸ್ಯಾಕ್ರಮೆಂಟೊ ತನಕ ಒಯ್ದು ಅಲ್ಲಿಯವರೂ ಕಾಯಿಲೆ ಬಿದ್ದರು. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡ ಕುಸಿದು ಎದ್ದ ಧೂಳಿನಿಂದ 200ಕ್ಕೂ ಹೆಚ್ಚು ಜನರಿಗೆ ಬಂತು. ಪೂರ್ತಿ ತಪ್ಪಿಸಿಕೊಳ್ಳುತ್ತೇವೆ ಅನ್ನಲು ಆಗುವುದಿಲ್ಲ. ಆದರೆ ಒಳಗೆ ಹೋಗುವ ಧೂಳು ಕಡಿಮೆ ಮಾಡಬಹುದು, ಅಲ್ವಾ?

ನಿಮ್ಮ ಯಜಮಾನರ ಬಗ್ಗೆಯೇ ನನಗೆ ಜಾಸ್ತಿ ಯೋಚನೆ. ನಾನೂ ಸೈಟ್‌ನಲ್ಲೇ ಕೆಲಸ ಮಾಡುವವನು. ಅಗೆಯುವ ಮೊದಲು ಮಣ್ಣಿಗೆ ನೀರು ಹೊಡೆಸಬೇಕು. ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಬೇಕು, ಧೂಳು ಹೋಗುವ ದಿಕ್ಕಿನಲ್ಲಲ್ಲ. ಬಟ್ಟೆ ಮಾಸ್ಕ್ ಸಾಲದು, ಎನ್95 ಬೇಕು, ಅದೂ ಮುಖಕ್ಕೆ ಅಂಟಿ ಕೂರಬೇಕು. ಗಡ್ಡ ಇದ್ದರೆ ಸಂದಿ ಬಿಡುತ್ತದೆ. ನಾನು ಗಡ್ಡ ತೆಗೆದೆ. ಬೂಟು, ಕೆಲಸದ ಬಟ್ಟೆ ಮನೆಯೊಳಗೆ ತರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕಾಯಿಲೆ ಜಾಸ್ತಿ ಇರುವ ಕೌಂಟಿಗಳಲ್ಲಿ ಮಣ್ಣು ಕೆದಕುವ ಕಟ್ಟಡ ಕೆಲಸದವರಿಗೆ ಇದರ ತರಬೇತಿ ಕೊಡಲೇಬೇಕು ಅಂತ 2020ರಿಂದ ಕಾನೂನಿದೆ. ನಿಮ್ಮವರು ಕೆಲಸಕ್ಕೆ ಸೇರುವ ದಿನವೇ ಅಲ್ಲಿ ಏನು ವ್ಯವಸ್ಥೆ ಇದೆ ಅಂತ ಕೇಳಲಿ.

ಫೀನಿಕ್ಸ್‌ನಲ್ಲಿ ಹೆರಿಗೆಯಾದವಳು:
ತಂಗೀ, ಹೆದರಬೇಡ, ಆದರೆ ಎಚ್ಚರ ಇರಲಿ. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ಜೋರಾಗುವ ಸಾಧ್ಯತೆ ಜಾಸ್ತಿ. ಮೊದಲ ಭೇಟಿಯಲ್ಲೇ ಡಾಕ್ಟರಿಗೆ, ಈ ಊರಿಗೆ ಹೊಸಬಳು, ಗಂಡನಿಗೆ ಧೂಳಿನ ಕೆಲಸ ಅಂತ ಹೇಳಿಬಿಡು. ಔಷಧ ಬೇಕಾದರೆ ತಿಂಗಳು ನೋಡಿ ಆರಿಸುತ್ತಾರೆ, ಬೇರೆಯವರ ಮಾತ್ರೆ ಮುಟ್ಟಬೇಡ. ಧೂಳಿನ ಗೋಡೆ ಎದ್ದು ಬರುವ ಬಿರುಗಾಳಿಗೆ ಇಲ್ಲಿ ಹಬೂಬ್ ಅನ್ನುತ್ತಾರೆ, ಬೇಸಿಗೆಯ ಮಳೆಗಾಲದಲ್ಲಿ ಬರುತ್ತದೆ. ಫೋನಿಗೆ ಎಚ್ಚರಿಕೆ ಬಂದ ಕೂಡಲೇ ಕಿಟಕಿ ಮುಚ್ಚಿ ಒಳಗಿರು.

ನಾಯಿ ಸಾಕಿದವರು:
ನಾಯಿಗೂ ಬರುತ್ತದೆ! ನಮ್ಮದು ಕೆಮ್ಮಲೇ ಇಲ್ಲ, ಹಿಂದಿನ ಕಾಲು ಕುಂಟಲು ಶುರು ಮಾಡಿತು. ಫಂಗಸ್ ಮೂಳೆಗೆ ಹೋಗಿತ್ತು. ಮಣ್ಣು ಕೆರೆಯಲು, ಬಿಲ ಮೂಸಲು ಬಿಡಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಬಾಣಂತನಕ್ಕೆ ಅಮ್ಮ ಬರುತ್ತಾರೆ, ಅವರಿಗೆ ಸಕ್ಕರೆ ಕಾಯಿಲೆ. ಕರೆಸಬಹುದಾ?

ಟೂಸಾನ್‌ನಿಂದ:
ಧಾರಾಳವಾಗಿ ಕರೆಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಶ್ವಾಸಕೋಶದ ತೊಂದರೆ ಜೋರಾಗಬಹುದು, ಹಾಗಾಗಿ ಗಾಳಿ ಇರುವ ದಿನ ವಾಕಿಂಗ್ ಬೇಡ. ಇನ್ನೊಂದು ವಿಷಯ. ಫಂಗಸ್ ಒಳಗೆ ಹೋಗಿ 1ರಿಂದ 3 ವಾರದ ಮೇಲೆ ಜ್ವರ ಬರುತ್ತದೆ. ಅಷ್ಟರಲ್ಲಿ ಅಮ್ಮ ಭಾರತಕ್ಕೆ ವಾಪಸ್ ಹೋಗಿರಬಹುದು. ಎಕ್ಸ್‌ರೇಯಲ್ಲಿ ಇದು ಟಿಬಿಯ ಹಾಗೇ ಕಾಣಬಹುದು. ವ್ಯಾಲಿ ಫೀವರ್‌ಗೆ ಡಾಕ್ಟರುಗಳು ಹೇಳುವ ಹೆಸರು ಕಾಕ್ಸಿಡಿಯಾಯ್ಡೊಮೈಕೋಸಿಸ್. "ಅರಿಜೋನಾದಲ್ಲಿದ್ದೆ, ಕಾಕ್ಸಿಡಿಯಾಯ್ಡೊಮೈಕೋಸಿಸ್ ಇದೆಯಾ ನೋಡಿ" ಅಂತ ಒಂದು ಚೀಟಿಯಲ್ಲಿ ಬರೆದು, ಅವರ ಸಕ್ಕರೆ ಮಾತ್ರೆಯ ಡಬ್ಬಿಯಲ್ಲೇ ಇಟ್ಟು ಕಳಿಸಿ.