ಟಂಗ್‌ಸ್ಟನ್ ವೈರ್ ಕಾಸ್ಟಿಕ್ ಸೋಡಾದಲ್ಲಿ ಕರಗತ್ತೆ, ಸ್ಟೀಲ್ ಯಾಕೆ ಕರಗಲ್ಲ?

ಲ್ಯಾಬ್_ಹುಳ: ಎಸ್‌ಟಿಎಂಗೆ (ಪರಮಾಣು ಮಟ್ಟದಲ್ಲಿ ಮೇಲ್ಮೈ ನೋಡೋ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್) ಟಿಪ್, ಅಂದ್ರೆ ಚೂಪಾದ ಸೂಜಿಮೊನೆ, ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದಾರೆ. 0.25 ಎಂಎಂ ಟಂಗ್‌ಸ್ಟನ್ ವೈರು, 2 ಮೋಲಾರ್ ಕಾಸ್ಟಿಕ್ ಸೋಡಾ, ವೈರಿಗೆ ಪ್ಲಸ್, ಸುತ್ತ ಇರೋ ಸ್ಟೇನ್‌ಲೆಸ್ ಸ್ಟೀಲ್ ರಿಂಗಿಗೆ ಮೈನಸ್, 5 ವೋಲ್ಟ್ ಕೊಟ್ರೆ ವೈರು ಸವೆದು ಸವೆದು ಕೆಳಗಿನ ತುಂಡು ಕಳಚಿ ಬೀಳತ್ತೆ, ಸರಿ. ಆದ್ರೆ ಕನೆಕ್ಷನ್ ಉಲ್ಟಾ ಮಾಡಿದ್ರೆ ರಿಂಗ್ ಕರಗಬೇಕಲ್ವಾ, ಬರೀ ಗುಳ್ಳೆ ಬರತ್ತೆ ಅಷ್ಟೇ. ಮತ್ತೆ ವೈರು ನೀರಿನ ಮಟ್ಟದ ಹತ್ರಾನೇ ಯಾಕೆ ಜಾಸ್ತಿ ಸವೆಯೋದು?

ಕ್ಷಾರಪ್ಪ: ಲೋಹ ನೋಡ್ಬೇಡಿ, ಅದರ ಮೇಲೆ ಕೂರೋ ಆಕ್ಸೈಡ್ ನೋಡಿ. ಟಂಗ್‌ಸ್ಟನ್ ಆಕ್ಸೈಡ್ ಆಮ್ಲೀಯ ಸ್ವಭಾವದ್ದು, ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ನಿಲ್ಲಲ್ಲ, ಒಂದೊಂದು ಪರಮಾಣುನೂ 6 ಎಲೆಕ್ಟ್ರಾನ್ ಬಿಟ್ಟು 8 ಹೈಡ್ರಾಕ್ಸೈಡ್ ಅಯಾನ್ ತಗೊಂಡು ಟಂಗ್‌ಸ್ಟೇಟ್ ಅನ್ನೋ ಕರಗೋ ಅಯಾನ್ ಆಗಿ ನೀರಿಗೆ ಹೋಗತ್ತೆ. ಅದೇ ವೈರನ್ನ ಆಸಿಡ್‌ನಲ್ಲಿಟ್ರೆ ಆಕ್ಸೈಡ್ ಅಲ್ಲೇ ಕೂತು ಕೆಲಸ ನಿಲ್ಲಿಸತ್ತೆ. ನಿಮ್ಮ ಸ್ಟೀಲಲ್ಲಿರೋ ಕಬ್ಬಿಣ, ನಿಕಲ್ ಕಥೆ ಇದಕ್ಕೆ ಉಲ್ಟಾ, ಅವುಗಳ ಆಕ್ಸೈಡ್ ಕ್ಷಾರದಲ್ಲಿ ಗಟ್ಟಿಯಾಗಿ ಅಂಟ್ಕೊಳತ್ತೆ, ಹಾಗಾಗಿ ಕರೆಂಟು ಲೋಹ ಕರಗಿಸೋ ಬದಲು ಆಕ್ಸಿಜನ್ ಬಿಡಿಸ್ತಾ ಇರತ್ತೆ, ನಿಮ್ಮ ಗುಳ್ಳೆ ಅದೇ. ಕಾಂಕ್ರೀಟ್ ಒಳಗೆ ಕಬ್ಬಿಣದ ರಾಡು ಬೇಗ ತುಕ್ಕು ಹಿಡಿಯದೇ ಇರೋದೂ ಇದಕ್ಕೇ, ಅಲ್ಲಿ ಪಿಎಚ್ 12.5 ಮೇಲೇ, ಅಂದ್ರೆ ಜೋರು ಕ್ಷಾರಾನೇ ಇರತ್ತೆ. ಸತು ಟಂಗ್‌ಸ್ಟನ್ ಪಾರ್ಟಿ, ಆಲ್ಕಲೈನ್ ಸೆಲ್ ನಡೆಯೋದೇ ಅದು ಜಿಂಕೇಟ್ ಆಗಿ ಕರಗೋದ್ರಿಂದ. ಅಲ್ಯೂಮಿನಿಯಂಗಂತೂ ಕರೆಂಟೇ ಬೇಡ, ಕಾಸ್ಟಿಕ್ ಸೋಡಾನ ಆ ಪಾತ್ರೆಲಿ ಮಾತ್ರ ಕಲಸಬೇಡಿ ಮಾರಾಯ್ರೇ.

ಸೂಜಿಮೊನೆ: ಎರಡನೇ ಪ್ರಶ್ನೆಗೆ. ಕರಗಿದ ಟಂಗ್‌ಸ್ಟೇಟ್ ಭಾರ ಇರೋದ್ರಿಂದ ವೈರಿನ ಮೈಗುಂಟ ಕೆಳಗೆ ಇಳಿಯತ್ತೆ, ಕೆಳಭಾಗ ಮುಸುಕು ಹಾಕ್ಕೊಂಡ ಹಾಗೆ ಆಗಿ ಅಲ್ಲಿಗೆ ಹೊಸ ಹೈಡ್ರಾಕ್ಸೈಡ್ ಸರಿಯಾಗಿ ತಲುಪಲ್ಲ. ನೀರು ವೈರಿಗೆ ಹತ್ತಿಕೊಂಡಿರತ್ತಲ್ಲ, ಆ ಮೆನಿಸ್ಕಸ್‌ನ ತುತ್ತತುದಿಲೂ ನಿಧಾನ, ಅದರ ಸ್ವಲ್ಪ ಕೆಳಗೆ ಕುತ್ತಿಗೆ ಬೀಳತ್ತೆ. ನೀರು ಅಲುಗಿದ್ರೆ ಇದೆಲ್ಲ ಕಲಕಿ ಹೋಗತ್ತೆ, ಅದಕ್ಕೇ ಟೇಬಲ್ ಅಲ್ಲಾಡಿಸಬೇಡಿ ಅನ್ನೋದು. ತುಂಡು ಬಿದ್ದ ಕೂಡ್ಲೇ ಕರೆಂಟ್ ಕಟ್ ಆಗ್ಬೇಕು, ಮೇಲಿನ ಮೊನೆ ಇನ್ನೂ ದ್ರಾವಣದಲ್ಲೇ ಇರತ್ತೆ, ಕರಗ್ತಾ ಕರಗ್ತಾ ಮೊಂಡಾಗತ್ತೆ. ಕೈಯಲ್ಲಿ ಸ್ವಿಚ್ ಆರಿಸ್ತೀನಿ ಅನ್ನೋದೆಲ್ಲ ಆಗದ ಮಾತು, ಕರೆಂಟ್ ಇಳಿದಿದ್ದು ನೋಡಿ ತಾನೇ ಕಟ್ ಮಾಡೋ ಸರ್ಕ್ಯೂಟ್ ಹಾಕ್ಕೊಳ್ಳಿ.

ತುಕ್ಕುಶತ್ರು: ಎಲ್ಲಾ ಸರಿ, ಆದ್ರೆ ಸ್ಟೇನ್‌ಲೆಸ್‌ಗೆ ಪ್ಲಸ್ ಕೊಡೋ ಆಟ ನಿಲ್ಸಿ. ಕಬ್ಬಿಣ ಕರಗದೆ ಕೂತ್ರೂ ಸ್ಟೇನ್‌ಲೆಸ್‌ನಲ್ಲಿರೋ ಕ್ರೋಮಿಯಂ ಕ್ರೋಮೇಟ್ ಆಗಿ ಹೊರಗೆ ಬರತ್ತೆ, ಅದು ವಿಷ, ಕ್ಯಾನ್ಸರ್ ತರೋ ಪೈಕಿ.

ಲ್ಯಾಬ್_ಹುಳ: ಅಯ್ಯೋ, ಅದಕ್ಕೇನಾ ನೀರು ತಿಳಿ ಹಳದಿ ಆಗಿದ್ದು? ಸಿಂಕಿಗೆ ಸುರಿದಿಲ್ಲ ಸದ್ಯ.

ತುಕ್ಕುಶತ್ರು: ಅದೇ ಇರಬೇಕು. ಸಿಂಕಿಗೆ ಬೇಡ, ಬಾಟ್ಲಿಗೆ ಹಾಕಿ ಲೇಬಲ್ ಅಂಟಿಸಿ ಕೆಮಿಕಲ್ ವೇಸ್ಟಿಗೆ ಕೊಡಿ, ಗ್ಲೌಸ್ ಹಾಕ್ಕೊಂಡು.